ತೆಗೆದವರ ನೆರಳು

ಬೆಳಿಗ್ಗೆ ಫೋನು ಬಂದಾಗಿನಿಂದ ಮೇಷ್ಟ್ರ ಮನಸ್ಸು ನೆಟ್ಟಗಿರಲಿಲ್ಲ. ಫೋನು ಮಾಡಿದವನು ಫೋಟೋಗ್ರಫಿ ಸಂಘದ ಕಾರ್ಯದರ್ಶಿ, ಒಂದು ಕಾಲದಲ್ಲಿ ಕಲಾಶಾಲೆಯಲ್ಲಿ ಇವರ ಕೈಕೆಳಗೇ ಕ್ಯಾಮೆರಾ ಹಿಡಿಯಲು ಕಲಿತವನು. ಸಂಜೆಯ ಸ್ಪರ್ಧೆಗೆ ಬರಬೇಕಿದ್ದ ತೀರ್ಪುಗಾರರು ಜ್ವರ ಬಂದು ಮಲಗಿದ್ದಾರಂತೆ, ಬೇರೆ ಯಾರನ್ನಾದರೂ ಹುಡುಕೋಣವೆಂದರೆ ಹೊತ್ತಿಲ್ಲವಂತೆ. "ಹೇಗೂ ನೀವಿದ್ದೀರಲ್ಲ ಸಾರ್" ಅಂದ. ಆ 'ಹೇಗೂ' ಮೇಷ್ಟ್ರ ಕಿವಿಯಲ್ಲೇ ಕೂತುಬಿಟ್ಟಿತು. ಹಿಂದೆಲ್ಲ ತಿಂಗಳ ಮುಂಚೆ ಮನೆಗೆ ಬಂದು ಕರೆಯುತ್ತಿದ್ದರು, ಹೋಗಲು ಬರಲು ಗಾಡಿ ಕಳಿಸುತ್ತಿದ್ದರು. ಈಗ ಊಟಕ್ಕೆ ಬಾರದವನ ಎಲೆಯ ಮುಂದೆ ಕೂರಿಸುವ ಹಾಗೆ ಕೂರಿಸುತ್ತಿದ್ದಾರೆ. ಆದರೂ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, "ಯಾವುದಕ್ಕೂ ಮನೇಲಿ ಒಂದ್ಮಾತು ಕೇಳಿಬಿಡಿ ಸಾರ್" ಅಂತ ಬೇರೆ ಸೇರಿಸಿದ. ಇವರಿಗೆ ಮೈ ಉರಿಯಿತು. ಹೆಂಡತಿಯ ಅಪ್ಪಣೆ ಪಡೆದು ಹೊಸಲು ದಾಟುವ ಗಂಡಸು ಅಂತ ಹುಡುಗರೆಲ್ಲ ಆಡಿಕೊಳ್ಳುತ್ತಾರೋ ಏನೋ. ಕೇಳುವುದೇನು ಬಂತು, ಅಡುಗೆಮನೆಗೆ ಹೋಗಿ ಹೇಳಿದರು. ಅವಳು ಒಲೆಯ ಮುಂದೆ ಈ ಕಡೆ ಬೆನ್ನು ಹಾಕಿ ನಿಂತಿದ್ದಳು. "ಇವತ್ತು ನೀವೇನಾ?" ಅಂದಳು. "ಯಾಕೆ, ನಾನಾದ್ರೆ ಏನಂತೆ?" "ಏನಿಲ್ಲ. ಬೇರೆ ಯಾರೋ ಬರ್ತಾರೆ ಅಂದ್ಕೊಂಡಿದ್ದೆ." ಹಾಲು ಇನ್ನೂ ಉಕ್ಕಿರಲಿಲ್ಲ, ಆದರೂ ಉರಿ ತಗ್ಗಿಸಿದಳು. "ಆಗಲ್ಲ ಅಂದಿದ್ರೂ ನಡೀತಿತ್ತು" ಅಂದಳು. ಇವಳಿಗೂ ನನ್ನ ಕಾಲ ಮುಗಿಯಿತು ಅನ್ನಿಸಿದೆ ಅಂದುಕೊಂಡು ಮೇಷ್ಟ್ರು ತಮ್ಮ ಕೋಣೆಗೆ ಹೋದರು.

ಕೋಣೆ ಹಿಂದೆ ಡಾರ್ಕ್‌ರೂಮ್ ಆಗಿತ್ತು. ರಾಸಾಯನಿಕದ ಹುಳಿ ವಾಸನೆ ಗೋಡೆಗೆ ಎಷ್ಟು ಹಿಡಿದಿತ್ತೆಂದರೆ ಮೂರು ಸಲ ಸುಣ್ಣ ಹೊಡೆಸಿದರೂ ಮೋಡದ ದಿನ ಹೊರಗೆ ಬರುತ್ತಿತ್ತು. ಈಗ ಅಲ್ಲಿ ಕಂಪ್ಯೂಟರು, ಮೇಜಿನ ಅರ್ಧ ನುಂಗಿದ ಪ್ರಿಂಟರು. ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ, ಮಂಜಿನಲ್ಲಿ ನಿಂತ ಒಂಟಿ ಮರ, ಖಾಲಿ ಮೆಟ್ಟಿಲು, ಮುದುಕಿಯ ಸುಕ್ಕುಮುಖ, ಇವನ್ನೇ ಹೊಸ ಹೊಸ ಕಾಗದದ ಮೇಲೆ ಮತ್ತೆ ಮತ್ತೆ ಅಚ್ಚು ಹಾಕುವುದು ಅವರ ಕೆಲಸ. ಕಪ್ಪನ್ನು ಒಂದು ಕೂದಲೆಳೆ ಗಾಢ ಮಾಡುವುದು, ಆಕಾಶವನ್ನು ಒಂದು ಕೂದಲೆಳೆ ತಗ್ಗಿಸುವುದು, ಅಚ್ಚು ತೆಗೆದು ಹಿಂದಿನ ಬಾಗಿಲಿನ ಬಿಸಿಲಿಗೆ ಹಿಡಿದು ನೋಡುವುದು, ಸಮಾಧಾನವಾಗದೆ ಮತ್ತೆ ಕೂರುವುದು. ಹೊಸದಾಗಿ ಏನನ್ನೂ ತೆಗೆದಿರಲಿಲ್ಲ. ಯಾರಾದರೂ ಕೇಳಿದರೆ, ತೆಗೆಯುವುದು ಸುಲಭ, ಚಿತ್ರ ಹುಟ್ಟುವುದು ಅಚ್ಚಿನಲ್ಲಿ ಅನ್ನುತ್ತಿದ್ದರು. ಅದು ನಿಜವೂ ಹೌದು, ನೆಪವೂ ಹೌದು. ಹೋದ ವಾರ ಪ್ರಿಂಟರಿನ ಕಪ್ಪು ಮಸಿ ಹೊತ್ತಿಗೆ ಮುಂಚೆಯೇ ಮುಗಿದುಹೋಗಿ, ಅಂಗಡಿಯವನು ಅರ್ಧ ತುಂಬಿದ್ದನ್ನು ತಲೆಗೆ ಕಟ್ಟಿದ ಅಂತ ಹೋಗಿ ಜಗಳ ತೆಗೆದು ಬಂದಿದ್ದರು. ಜೊತೆಗೆ ಹೋಗಿದ್ದ ಹೆಂಡತಿ ಬಾಯಿ ಬಿಚ್ಚಿರಲಿಲ್ಲ. ಅವಳು ಯಾವತ್ತೂ ಹಾಗೆಯೇ. ಮದುವೆಯಾದ ಹೊಸತರಲ್ಲಿ ಅವರು ಬೆಳಕಿಗಾಗಿ ಗುಡ್ಡಗಳ ನೆತ್ತಿಯಲ್ಲಿ ಕಾಯುವಾಗ ಟ್ರೈಪಾಡ್ ಹೊತ್ತು ಹಿಂದೆ ನಿಂತಿರುತ್ತಿದ್ದಳು; ಅಳತೆ ತೋರಿಸಲು ದೂರದಲ್ಲಿ ಒಂದು ಆಳು ಬೇಕಾದರೆ ಹೋಗಿ ಚುಕ್ಕೆಯಾಗಿ ನಿಲ್ಲುತ್ತಿದ್ದಳು. ಎರಡು ವರ್ಷದ ಕೆಳಗೆ ಬೀರುವಿನಲ್ಲಿ ಬಿದ್ದಿದ್ದ ಒಂದು ಕ್ಯಾಮೆರಾ ಕೊಟ್ಟು, ಸುಮ್ಮನೆ ಯಾಕೆ ಕೂರ್ತೀಯಾ, ಹೂವೋ ಗೀವೋ ತೆಗಿ ಅಂದಿದ್ದರು. ಸಂಘಕ್ಕೂ ಸೇರಿಸಿದ್ದರು. ಅವಳು ಒಂದು ಸಲ ಏನೋ ಅಚ್ಚು ಹಾಕಿಸಿಕೊಂಡು ಬಂದು ತೋರಿಸಿದಾಗ, ಕನ್ನಡಕ ಹಾಕಿಕೊಳ್ಳದೆಯೇ, ಗೆರೆ ವಾಲಿದೆ ನೋಡು ಅಂದಿದ್ದರು. ಆಮೇಲೆ ಅವಳು ತೋರಿಸಲಿಲ್ಲ, ಅವರೂ ಕೇಳಲಿಲ್ಲ. ಎಲ್ಲರಿಗೂ ಕಲಿಸಿದೆ, ಇವಳಿಗೊಂದು ಕಲಿಸಲಾಗಲಿಲ್ಲ ಅಂತ ಮಧ್ಯಾಹ್ನ ಅಂಗಿಗೆ ಇಸ್ತ್ರಿ ಹಾಕಿಸಿಕೊಳ್ಳುವಾಗ ಯಾಕೋ ಅನ್ನಿಸಿತು.

ಸಂಘದ ಸಭಾಂಗಣ ಗ್ರಂಥಾಲಯದ ಮಾಳಿಗೆಯಲ್ಲಿತ್ತು. ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಂದದ್ದನ್ನು ಯಾರೂ ನೋಡದಿರಲಿ ಅಂತ ಮೇಷ್ಟ್ರು ಸೂಚನಾ ಫಲಕ ಓದುವವರಂತೆ ಬಾಗಿಲಲ್ಲಿ ನಿಂತರು. ಹಿಂದಿನ ಸಾಲಿನಲ್ಲಿ ಗೋಡೆಗೆ ಹತ್ತಿದ ಕುರ್ಚಿಯಲ್ಲಿ ಜೊತೆಗೆ ಬಂದಿದ್ದ ಹೆಂಡತಿ ಕೂತಳು, ಬ್ಯಾಗು ತೊಡೆಯ ಮೇಲೆ. ಮುಂದಿನ ಸಾಲಿನಲ್ಲಿ ದಂತವೈದ್ಯರಿದ್ದರು. ಅವರ ಲೆನ್ಸು ತೋಳಿನಷ್ಟು ಉದ್ದ, ಅವರು ಹಕ್ಕಿಗಳನ್ನು ಮಾತ್ರ ತೆಗೆಯುತ್ತಿದ್ದರು, ಪ್ರತಿ ಹಕ್ಕಿಯ ಬಾಯಲ್ಲೂ ಏನಾದರೊಂದು ಇದ್ದೇ ಇರುತ್ತಿತ್ತು. ವೃತ್ತಿ ಹಕ್ಕಿಗಳನ್ನೂ ಬಿಟ್ಟಿಲ್ಲ ಅಂತ ಹುಡುಗರು ತಮಾಷೆ ಮಾಡುತ್ತಿದ್ದರು. ಸ್ಪರ್ಧೆಯ ಕಟ್ಟಳೆ ಸರಳ. ಯಾರ ಚಿತ್ರ ಎಂಬುದು ಕಾರ್ಯದರ್ಶಿಗೆ ಮಾತ್ರ ಗೊತ್ತು. ಅವನು ಒಂದೊಂದೇ ಚಿತ್ರವನ್ನು ದೀಪದ ಕೆಳಗಿನ ಸ್ಟ್ಯಾಂಡಿನ ಮೇಲಿಡುತ್ತಾನೆ, ತೀರ್ಪುಗಾರರು ಎಲ್ಲರಿಗೂ ಕೇಳುವಂತೆ ಮಾತಾಡಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ, ಹೆಸರು ಓದುವುದು ಕೊನೆಯಲ್ಲಿ. ಮೇಷ್ಟ್ರದ್ದು ಅದರಲ್ಲೊಂದು ಪದ್ಧತಿಯಿತ್ತು, ಊರೆಲ್ಲ ಅದಕ್ಕೇ ಅವರನ್ನು ಬಲ್ಲದು. ಚಿತ್ರವನ್ನು ಮೊದಲು ತಲೆಕೆಳಗಾಗಿ ಇಡಿಸುತ್ತಿದ್ದರು. ಮರ ಅಂತ ಗೊತ್ತಾದರೆ ನೀವು ಮರ ನೋಡುತ್ತೀರಿ, ಮಗು ಅಂತ ಗೊತ್ತಾದರೆ ಕರಗಿಹೋಗುತ್ತೀರಿ. ಅದು ಏನು ಅನ್ನುವುದನ್ನು ಮರೆಯಿರಿ, ಕಪ್ಪೆಷ್ಟು ಬಿಳುಪೆಷ್ಟು ನೋಡಿ ಅಂತ ಎಷ್ಟೋ ತಂಡದ ಹುಡುಗರಿಗೆ ಹೇಳಿ ಹೇಳಿ ಮೇಷ್ಟ್ರ ಕಣ್ಣೇ ಹಾಗಾಗಿಬಿಟ್ಟಿತ್ತು. ತಾಯಿ ತೀರಿಹೋದ ದಿನ ಹಾಸಿಗೆಯ ಪಕ್ಕ ನಿಂತಾಗಲೂ ಮೊದಲು ಕಂಡದ್ದು ಹೊದಿಕೆಯ ಮಡಿಕೆಗಳ ಮೇಲಿನ ಬೆಳಕು. ಆ ಹೊತ್ತಿನಲ್ಲಿ ತಮ್ಮ ಬಗ್ಗೆಯೇ ಹೇಸಿಗೆಯಾಗಿತ್ತು, ಮಾರನೆಯ ವಾರ ಅದನ್ನೇ ತರಗತಿಯಲ್ಲಿ ಉದಾಹರಣೆಯಾಗಿ ಹೇಳಿದ್ದರು.

ಸೇತುವೆ, ಸೂರ್ಯಾಸ್ತ, ಕುರಿಮಂದೆಯ ಧೂಳು ಬಂದು ಹೋದವು. ಮೀನು ಕಚ್ಚಿದ ಹಕ್ಕಿ ಬಂದಾಗ ಎಲ್ಲರೂ ದಂತವೈದ್ಯರ ಕಡೆ ನೋಡದಂತೆ ನೋಡಿದರು. ಮೇಷ್ಟ್ರು ರೆಕ್ಕೆಯ ಅಂಚಿನ ಬೆಳಕನ್ನು ಹೊಗಳಿ ಎಂಟು ಕೊಟ್ಟರು. ಮಾತು ಬಾಯಿಯಲ್ಲಿ ತಾನೇ ತಾನಾಗಿ ಹರಿಯುತ್ತಿತ್ತು, ಬೆಳಗಿನ 'ಹೇಗೂ' ಕರಗುತ್ತಾ ಬಂದಿತ್ತು. ಆಗ ಕಾರ್ಯದರ್ಶಿ ಒಂದು ಕಪ್ಪುಬಿಳುಪಿನ ಚಿತ್ರವನ್ನು ತಲೆಕೆಳಗಾಗಿ ಇಟ್ಟು, ಯಾವತ್ತೂ ಇಲ್ಲದ್ದು, ಪಕ್ಕಕ್ಕೆ ಸರಿದು ನೆಲ ನೋಡುತ್ತಾ ನಿಂತ. ಮೇಷ್ಟ್ರು ಕಣ್ಣು ಕಿರಿದು ಮಾಡಿದರು. ಮುಕ್ಕಾಲು ಪಾಲು ಕತ್ತಲು. ನಡುವೆ ಓರೆಯಾಗಿ ಬಿದ್ದ ಒಂದು ಬಿಸಿಲಿನ ಪಟ್ಟೆ. ಅದರೊಳಗೆ ಒಂದು ಕಡೆ ಬೂದು ಬಣ್ಣದ ಗುಪ್ಪೆ, ಅದಕ್ಕೆ ಹತ್ತಿದಂತೆ ಸುಟ್ಟ ಬಿಳುಪಿನ ಒಂದು ಚೌಕ. ಇನ್ನೊಂದು ಕಡೆ ಗಾಢ ಕಪ್ಪು ಆಕಾರ, ಎರಡು ಮೂಲೆ ಚಾಚಿಕೊಂಡದ್ದು. "ಎರಡು ತೂಕ ಇದೆ" ಅಂತ ಶುರು ಮಾಡಿದರು, "ಒಂದು ಬಿಳೀದು, ಒಂದು ಕರೀದು. ಒಂದು ಫ್ರೇಮಿಗೆ ಒಂದೇ ಯಜಮಾನ ಇರಬೇಕು. ಇಲ್ಲಿ ಎರಡೂ ಜಗಳ ಆಡ್ತಿವೆ. ಬಿಳಿ ಅಂತೂ ಸುಟ್ಟೇ ಹೋಗಿದೆ, ವಿವರವೇ ಇಲ್ಲ. ನೆಟ್ಟಗೆ ಮಾಡಪ್ಪ." ಕಾರ್ಯದರ್ಶಿ ತಿರುಗಿಸಿಟ್ಟ. ಬನಿಯನ್ನು ತೊಟ್ಟ ಒಬ್ಬ ಮುದುಕ, ಬೆನ್ನಷ್ಟೇ ಕಾಣುವಂತೆ ನಿಂತು, ಒಂದು ಹಾಳೆಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡುತ್ತಿದ್ದಾನೆ. ಹಾಳೆಯ ಮೇಲೆ ಏನೂ ಇಲ್ಲ, ಬರೀ ಬಿಳುಪು. ಎಡಗಡೆ ಗೋಡೆಯ ಮೇಲೆ ಒಂದು ಹೆಂಗಸಿನ ನೆರಳು, ಮೊಣಕೈ ಎರಡೂ ಎತ್ತಿ ಕ್ಯಾಮೆರಾ ಮುಖಕ್ಕೆ ಹಿಡಿದದ್ದು, ಮುದುಕನಿಗಿಂತ ಒಂದು ಗೇಣು ಎತ್ತರ. ಮೇಷ್ಟ್ರ ಬಾಯಿಂದ ಮಾತು ಅದೇ ಓಟದಲ್ಲಿ ಬಂತು. "ನೋಡಿ, ತೆಗೆದವರ ನೆರಳು ಚಿತ್ರದೊಳಗೇ ಬಿದ್ದಿದೆ. ಹೊಸದಾಗಿ ಕ್ಯಾಮೆರಾ ಹಿಡಿದವರೆಲ್ಲ ಮಾಡೋ ತಪ್ಪು ಇದು. ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ತಾರೆ, ನೆರಳು ಎಲ್ಲಿ ಬೀಳ್ತಿದೆ ಅಂತ ನೋಡ್ಕೊಳ್ಳೋಲ್ಲ." ಯಾರೋ ಒಬ್ಬ ಹುಡುಗ ಕಿಸಕ್ಕನೆ ನಕ್ಕ, ಪಕ್ಕದವನು ಅವನ ತೊಡೆ ಚಿವುಟಿದ.

ಜೇಬಿನಿಂದ ಎರಡು ಕಪ್ಪು ರಟ್ಟು ತೆಗೆದರು. ಬಡಗಿಯ ಮೂಲೆಮಟ್ಟದಂತೆ ಎಲ್ ಆಕಾರದಲ್ಲಿ ಕತ್ತರಿಸಿದ ಆ ರಟ್ಟುಗಳನ್ನು ಚಿತ್ರದ ಮೇಲೆ ಜೋಡಿಸಿ, ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕು ಅಂತ ತೋರಿಸುವುದು ಅವರ ಇನ್ನೊಂದು ಪದ್ಧತಿ. ಎಡಗಡೆಯ ರಟ್ಟನ್ನು ನೆರಳು ಪೂರ್ತಿ ಮುಚ್ಚುವ ಹಾಗೆ ಸರಿಸಿದರು. ಚೌಕಟ್ಟಿನೊಳಗೆ ಮುದುಕನ ಬೆನ್ನು ಮಾತ್ರ ಉಳಿಯಿತು. ಹಾಳೆ ಹಿಡಿದ ಕೈ ಮೇಲೆ, ಇನ್ನೊಂದು ಕೈ ಹಿಂದಕ್ಕೆ ತಿರುಚಿಕೊಂಡು ಸೊಂಟದ ಮೇಲೆ ಅಂಗೈ ಆಚೆ ಮಾಡಿ ಇಟ್ಟದ್ದು. ಅಪ್ಪ, ಅಂದುಕೊಂಡರು. ಅಪ್ಪ ಹೀಗೆಯೇ ನಿಲ್ಲುತ್ತಿದ್ದ. ಶಾಲೆಗೆ ಸೇರಿಸಲು ಕರೆದುಕೊಂಡು ಹೋಗಿ ಹೆಡ್‌ಮಾಸ್ಟರ ಮೇಜಿನ ಮುಂದೆ ಹೀಗೇ ಕೈ ಹಿಂದಕ್ಕೆ ತಿರುಚಿಕೊಂಡು ನಿಂತಿದ್ದ, ಕೂರಿ ಅಂತ ಯಾರೂ ಹೇಳಲಿಲ್ಲ, ಆ ಬೆನ್ನನ್ನು ನೋಡುತ್ತಾ ಹುಡುಗನಾಗಿದ್ದ ಇವರಿಗೆ ನಾಚಿಕೆಯಾಗಿ, ನಾನು ದೊಡ್ಡವನಾದ ಮೇಲೆ ಯಾರ ಮುಂದೂ ಹೀಗೆ ನಿಲ್ಲುವುದಿಲ್ಲ ಅಂದುಕೊಂಡಿದ್ದರು. ಆದರೆ ಅಪ್ಪ ಸತ್ತು ಎಷ್ಟು ಕಾಲವಾಯಿತು, ಅಪ್ಪನ ಚಿತ್ರ ಇಲ್ಲಿಗೆ ಹೇಗೆ ಬಂತು? ರಟ್ಟು ಹಿಡಿದ ಕೈ ಅಲ್ಲೇ ನಿಂತಿತು. ಬನಿಯನ್ನಿನ ಭುಜದಲ್ಲಿ ಹೊಲಿಗೆ ಬಿಟ್ಟಿತ್ತು. ಹಾಳೆಯ ಪಕ್ಕದಲ್ಲಿ ಪ್ರಿಂಟರಿನ ಮೂಲೆ. ಗೋಡೆಯ ಮೇಲೆ ಮೂರು ಸಲ ಸುಣ್ಣ ಹೊಡೆದರೂ ಹೋಗದ ನೀರಿನ ಕಲೆ. ಅದು ತಮ್ಮದೇ ಬೆನ್ನು. ಒಂದು ಸಂಜೆ ಬೆನ್ನ ಹಿಂದೆ ಏನೋ ಟಿಕ್ಕೆಂದದ್ದು, ಗೋಡೆಯ ಮೇಲೆ ಕತ್ತಲು ಬಿದ್ದದ್ದು, ತಿರುಗಿ ನೋಡದೆಯೇ ತಾವು, "ಅಡ್ಡ ನಿಲ್ಬೇಡ, ಬೆಳಕು ಬರ್ಲಿ" ಅಂದದ್ದು, ಎಲ್ಲ ಒಟ್ಟಿಗೆ ಬಂದವು. ಮುಗಿದುಹೋದ ಕಪ್ಪು ಮಸಿಯೂ ನೆನಪಾಯಿತು.

ಸಭಾಂಗಣದಲ್ಲಿ ಎಲ್ಲರೂ ಕಾಯುತ್ತಿದ್ದರು. ಮೇಷ್ಟ್ರು ರಟ್ಟನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ನೆರಳು ಮತ್ತೆ ಕಾಣಿಸಿಕೊಂಡಿತು, ನೆರಳು ಬಂದೊಡನೆ ಚಿತ್ರ ಎದ್ದು ನಿಂತಿತು. ಅದು ತಪ್ಪಿ ಬಿದ್ದ ನೆರಳಲ್ಲ. ಖಾಲಿ ಹಾಳೆಯಲ್ಲಿ ಏನನ್ನೋ ಹುಡುಕುತ್ತಿರುವ ಒಬ್ಬ ಮನುಷ್ಯ, ಅವನನ್ನು ನೋಡುತ್ತಿರುವ ಇನ್ನೊಬ್ಬಳು. ಅವನಿಗೆ ಗೊತ್ತಿಲ್ಲ, ಅವಳಿಗೆ ಎಲ್ಲ ಗೊತ್ತು. ಮರುಕವಿಲ್ಲ, ಹಂಗಿಸುವ ಮಾತೂ ಇಲ್ಲ. ಕಪ್ಪು ಎಷ್ಟು ಬೇಕೋ ಅಷ್ಟೇ ಆಳ, ಅಚ್ಚಿನಲ್ಲಿ ಎಲ್ಲೂ ಕೈ ತಪ್ಪಿಲ್ಲ. ಮಂಜಿನಲ್ಲಿ ನಿಂತ ಆ ಮರವನ್ನು ಇಷ್ಟು ವರ್ಷ ತಿದ್ದಿದ್ದರಲ್ಲ, ಈ ಒಂದು ಹಾಳೆಯ ಮುಂದೆ ಅದು ಗೋಡೆ ಕ್ಯಾಲೆಂಡರಿನ ಚಿತ್ರ. ಅವರಿಗೆ ಗೊತ್ತಾಯಿತು, ಅವರಷ್ಟು ಚೆನ್ನಾಗಿ ಗೊತ್ತಾಗುವವರು ಆ ಸಭೆಯಲ್ಲಿ ಇನ್ನೊಬ್ಬರಿರಲಿಲ್ಲ. ಆಗ ಅವರಿಗಾದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿರಲಿಲ್ಲ. ನನ್ನ ಕ್ಯಾಮೆರಾ, ನನ್ನ ಮಸಿ, ನನ್ನ ಕೋಣೆ, ಕೊನೆಗೆ ನನ್ನದೇ ಬೆನ್ನು, ಇಷ್ಟನ್ನೂ ನನ್ನಿಂದಲೇ ತೆಗೆದುಕೊಂಡು ನನಗಾಗದ್ದನ್ನು ಇವಳು ಮಾಡಿದಳಲ್ಲ ಅನ್ನಿಸಿತು. ಇದೇ ಇವತ್ತಿನ ಒಳ್ಳೆಯ ಚಿತ್ರ ಅಂತ ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಹೆಂಡತಿಯದು ಅಂತ ಹೊಗಳಿದ ಅಂದಾರು ಎಂಬ ನೆಪ ಎಲ್ಲಿತ್ತೋ, ಕರೆದವರಂತೆ ಓಡಿ ಬಂತು, ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹಿಂದಿನ ಸಾಲಿನ ಕಡೆ ನೋಡಲಿಲ್ಲ. "ನೆರಳು ಕತ್ತರಿಸಿದ್ರೂ ಇದು ನಿಲ್ಲೋ ಚಿತ್ರ ಅಲ್ಲ" ಅಂದರು, ದನಿ ತಮಗೇ ಬೇರೆಯಾಗಿ ಕೇಳಿತು. "ಒಬ್ಬ ಮುದುಕನ ಬೆನ್ನು. ಅದರಲ್ಲಿ ನಾವು ನೋಡೋಂಥದ್ದು ಏನಿದೆ? ತೆಗೆದವರು ಇನ್ನೂ ಅಭ್ಯಾಸ ಮಾಡ್ಬೇಕು. ಐದು." ಈ ಸಲ ಯಾರೂ ನಗಲಿಲ್ಲ. ದಂತವೈದ್ಯರು ಒಮ್ಮೆ ಚಿತ್ರವನ್ನೂ ಒಮ್ಮೆ ಮೇಷ್ಟ್ರನ್ನೂ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಕಾರ್ಯದರ್ಶಿ ಐದು ಅಂತ ಬರೆದುಕೊಂಡು ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟ.

ಹೆಸರು ಓದುವ ಹೊತ್ತಾಯಿತು. ಹಕ್ಕಿಗೆ ಮೊದಲ ಬಹುಮಾನ, ಸೇತುವೆಗೆ ಎರಡನೆಯದು. ಉಳಿದವನ್ನೂ ಕ್ರಮವಾಗಿ ಓದುತ್ತಾ ಬಂದ ಕಾರ್ಯದರ್ಶಿ ಬೆನ್ನಿನ ಚಿತ್ರಕ್ಕೆ ಬಂದಾಗ ತಡೆದು, "ಇದು ನಮ್ಮ ಮೇಷ್ಟ್ರ ಮನೆಯವರದು" ಅಂದ. ಎಲ್ಲರೂ ಈ ಕಡೆ ತಿರುಗಿದರು. ಈಗ ಏನು ಮಾಡಬೇಕು ಅಂತ ಯೋಚಿಸುವ ಮುಂಚೆಯೇ ಮೇಷ್ಟ್ರ ಮುಖ ಅದನ್ನು ಮಾಡಿ ಮುಗಿಸಿತ್ತು. ಹುಬ್ಬು ಮೇಲೇರಿತು, ಬಾಯಿ ತೆರೆಯಿತು, ಹಣೆ ಚಚ್ಚಿಕೊಂಡರು. "ಅಯ್ಯೋ, ನನ್ನ ಬೆನ್ನನ್ನೇ ನಾನು ಗುರುತು ಹಿಡೀಲಿಲ್ಲ ನೋಡಿ. ಕನ್ನಡಿಯಲ್ಲೂ ಕಾಣೋ ಜಾಗ ಅಲ್ಲವಲ್ಲ ಅದು" ಅಂದರು. ಬಿಗಿದಿದ್ದ ಸಭೆ ಒಮ್ಮೆಲೇ ನಗೆಯಲ್ಲಿ ಬಿಚ್ಚಿಕೊಂಡಿತು. ದಂತವೈದ್ಯರು ಎದ್ದು ನಿಂತು, ನಿಷ್ಪಕ್ಷಪಾತ ಅಂದರೆ ಇದು, ಚಿತ್ರ ನೋಡಿದರು, ಮನುಷ್ಯರನ್ನು ನೋಡಲಿಲ್ಲ, ಇಂಥ ತೀರ್ಪುಗಾರರು ಇನ್ನೆಲ್ಲಿ ಸಿಗುತ್ತಾರೆ ಅಂದರು. ಚಪ್ಪಾಳೆ ಬಿತ್ತು. ಎಷ್ಟೋ ವರ್ಷದಿಂದ ಅವರಿಗೆ ಅಂಥ ಚಪ್ಪಾಳೆ ಬಿದ್ದಿರಲಿಲ್ಲ, ಅದು ಹಿತವಾಗಿಯೂ ಇತ್ತು, ಅದಕ್ಕೇ ಇನ್ನಷ್ಟು ಅಸಹ್ಯವಾಯಿತು. ಹಿಂದಿನ ಸಾಲಿನಲ್ಲಿ ಹೆಂಡತಿಯೂ ಚಪ್ಪಾಳೆ ತಟ್ಟುತ್ತಿದ್ದಳು. ಕಾರ್ಯದರ್ಶಿ ಮಾತ್ರ ತಲೆ ಎತ್ತದೆ ಚಿತ್ರಗಳ ನಡುವೆ ತೆಳು ಕಾಗದ ಇಟ್ಟು ಜೋಡಿಸುತ್ತಿದ್ದ.

ಕಾಫಿಗೆ ನಿಲ್ಲದೆ ಇಬ್ಬರೂ ಹೊರಟರು. ಅಂಗಡಿಗಳು ದೀಪ ಹಚ್ಚುವ ಹೊತ್ತು, ರಸ್ತೆ ತುಂಬ ಜನ. ಅವಳು ಚಿತ್ರವನ್ನು ಹಳೆಯ ದಿಂಬಿನ ಚೀಲಕ್ಕೆ ಹಾಕಿ ಕಂಕುಳಲ್ಲಿ ಹಿಡಿದುಕೊಂಡಿದ್ದಳು. ಕೊಡು ನಾನು ಹಿಡ್ಕೋತೀನಿ ಅಂದಾಗ, ಹಗುರ ಇದೆ ಬಿಡಿ ಅಂದಳು. ಅತ್ತರೆ, ಬೈದರೆ, ಮಾತು ಬಿಟ್ಟರೆ ಅದಕ್ಕೆ ಅವರಲ್ಲಿ ಉತ್ತರ ಸಿದ್ಧವಿತ್ತು. ಅವಳು ತರಕಾರಿ ಮುಗಿದಿದೆ ಅಂದಳು, ನಾಳೆ ತಂದರಾಯಿತು ಅಂದಳು. ತಿರುವಿನಲ್ಲಿ ಗಾಡಿಗಳು ಹೋಗಲಿ ಅಂತ ನಿಂತಾಗ ಅವಳು ರಸ್ತೆಯನ್ನೇ ನೋಡುತ್ತಾ, "ಯಾವಾಗ ಗೊತ್ತಾಯ್ತು ನಿಮಗೆ?" ಅಂದಳು. ಮೊದಲೇ ಗೊತ್ತಾಯಿತು ಅಂದರೆ ನಾನು ಸಣ್ಣವನು. ಗೊತ್ತಾಗಲೇ ಇಲ್ಲ ಅಂದರೆ ಬರೀ ಕುರುಡ. ಕುರುಡನಾಗುವುದೇ ವಾಸಿ ಅನ್ನಿಸಿತು. "ಹೆಸರು ಓದಿದ್ಮೇಲೆ" ಅಂದರು. "ಅಲ್ಲಿಗಂಟ ಒಂಚೂರೂ ಹೊಳೀಲಿಲ್ಲ ಕಣೆ."

"ಹೌದಾ" ಅಂದಳು. ಗಾಡಿಗಳು ಹೋಗಿ ರಸ್ತೆ ಖಾಲಿಯಾದರೂ ಅವಳು ದಾಟಲಿಲ್ಲ. "ಆ ರಟ್ಟು ಹಿಡ್ಕೊಂಡು ನಿಮ್ಮ ಕೈ ನಿಂತುಹೋಯ್ತಲ್ಲ, ಆಗ ಗೊತ್ತಾಗಿದೆ ಅಂದ್ಕೊಂಡೆ. ಗೊತ್ತಾಗಿ ಬೇಕಂತಲೇ ಐದು ಕೊಟ್ರು ಅಂದ್ಕೊಂಡೆ. ಹಿಂದೆ ಕೂತ್ಕೊಂಡು ನಂಗೆ ಖುಷಿಯಾಗಿಬಿಟ್ಟಿತ್ತು."

"ಖುಷಿನಾ?"

"ಹೂಂ. ನಿಮಗೆ ಹೊಟ್ಟೆಕಿಚ್ಚಾಗೋ ಥರ ಒಂದಾದ್ರೂ ತೆಗೆದ್ನಲ್ಲ ಅಂತ." ನಾಚಿಕೊಂಡವಳಂತೆ ನಕ್ಕಳು. "ನಂದೇ ದೊಡ್ಡದು ಅಂದ್ಕೊಂಡ್ಬಿಟ್ಟೆ ನೋಡಿ."

ಮೇಷ್ಟ್ರು ಅವಳ ಕಡೆ ತಿರುಗಿದರು. ಇಷ್ಟು ವರ್ಷದಲ್ಲಿ ಅವಳಿಗೆ ತಾವು ಕೊಟ್ಟಿದ್ದ ಒಂದೇ ಒಂದು ನಿಜವಾದ ಅಂಕವನ್ನು ಈಗತಾನೇ ತಮ್ಮ ಬಾಯಿಂದಲೇ ಕಿತ್ತುಕೊಂಡಿದ್ದರು. ಅವಳ ತೋಳು ಹಿಡಿದರು. ಬೀದಿಯಲ್ಲಿ ಹಾಗೆ ಹಿಡಿದವರಲ್ಲ. "ಗೊತ್ತಿತ್ತು ಕಣೆ" ಅಂದರು. "ರಟ್ಟು ಇಟ್ಟಾಗ್ಲೇ ಗೊತ್ತಾಯ್ತು. ಅಲ್ಲಿದ್ದದ್ರಲ್ಲೆಲ್ಲಾ ಅದೇ ಚೆನ್ನಾಗಿತ್ತು. ನನ್ನ ಕೈಲಿ ಅಂಥದ್ದು ಒಂದೂ ಆಗಿಲ್ಲ. ತಡಿಯೋಕಾಗ್ಲಿಲ್ಲ, ಅದಕ್ಕೇ ಐದು ಕೊಟ್ಟೆ. ನಿನ್ನಾಣೆಗೂ ನಿಜ."

ಅವಳು ಅವರ ಮುಖ ನೋಡಿದಳು. ಬೇಸಿಗೆಯ ಬಿಸಿಲಲ್ಲಿ ನಡೆದು ಬಂದವರಿಗೆ ನೀರು ಕೊಡುವಾಗ ನೋಡುವ ಹಾಗೆ ನೋಡಿ, ತೋಳಿನ ಮೇಲಿದ್ದ ಅವರ ಕೈಯನ್ನು ಮೆಲ್ಲಗೆ ತಟ್ಟಿ ಕೆಳಗಿಳಿಸಿದಳು. "ಇರ್ಲಿ ಬಿಡಿ. ನನ್ನ ಸಮಾಧಾನಕ್ಕೆ ಅಂತ ಏನೇನೋ ಹೇಳ್ಬೇಡಿ. ಆಣೆಗೀಣೆ ಬೇರೆ" ಅಂದಳು. ಚೀಲವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. "ಆ ನೆರಳನ್ನ ನಾನು ಬೇಕಂತಲೇ ಬಿಟ್ಟಿದ್ದೆ. ನೀವು ಹೇಳಿದ್ಮೇಲೆ ತಪ್ಪು ಅಂತ ಗೊತ್ತಾಯ್ತು. ಇನ್ಮೇಲೆ ಬೀಳದ ಹಾಗೆ ನೋಡ್ಕೋತೀನಿ." ಹಾಗಂದು ಎರಡೂ ಕಡೆ ನೋಡಿ, ಅವರಿಗಿಂತ ಮುಂಚೆ ರಸ್ತೆ ದಾಟಿದಳು.